ಮಾತು ಒಂದು, ಅರ್ಥ ಇನ್ನೊಂದು

ಅಕ್ಕಂದಿರೇ, ನಾವು ದಿನಾ ಆಡುವ ಮಾತುಗಳನ್ನು ಸ್ವಲ್ಪ ನೋಡೋಣ.

ಬಸ್ಸು ಓಡುತ್ತದೆ. ಊರು ಇದ್ದಲ್ಲೇ ಇರುತ್ತದೆ. ಆದರೂ “ಊರು ಬಂತು, ಇಳೀರಿ” ಅಂತೀವಿ.

ಗಿರಣಿಗೆ ಒಯ್ಯುವುದು ರಾಗಿ. “ಹಿಟ್ಟು ಬೀಸಿಸಿಕೊಂಡು ಬಂದೆ” ಅಂತೀವಿ. ಹಿಟ್ಟನ್ನು ಮತ್ತೆ ಬೀಸುವುದುಂಟೇ?

ಒಲೆ ಮುಂದೆ ಕೂತುಕೊಂಡೇ “ಇಗೋ ಬಂದೆ” ಅಂತ ಕೂಗ್ತೀವಿ. ಬಂದದ್ದು ಬರೀ ದನಿ!

ಇವು ನಗುವ ಮಾತು. ಇವುಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಈ ಮಾತು ಕೇಳಿ.

“ಏನು ಕೆಲಸ ಮಾಡ್ತೀಯಮ್ಮ?”

“ಏನಿಲ್ಲ, ಮನೇಲಿ ಸುಮ್ನೆ ಇದ್ದೀನಿ.”

ಸುಮ್ನೆ ಇದ್ದರೆ ನೀರು ತಂದವರು ಯಾರು? ಹಸುವಿನ ಹಾಲು ಕರೆದವರು ಯಾರು? ಹೊಲದಲ್ಲಿ ಕಳೆ ಕಿತ್ತವರು ಯಾರು?

1991ರ ಜನಗಣತಿಯ ಪ್ರಶ್ನೆಯಲ್ಲಿ ಒಂದು ಮಾತು ಸೇರಿಸಿದ್ದರು. ಸಂಬಳವಿಲ್ಲದೆ ಹೊಲದಲ್ಲಿ ದುಡಿದರೂ ಅದು ಕೆಲಸವೇ. ಆದರೆ ನಾವೇ “ಸುಮ್ನೆ ಇದ್ದೀನಿ” ಅಂದರೆ, ಬರೆದುಕೊಳ್ಳುವವರು ಏನು ಬರೆದಾರು?

ಇನ್ನು ಮೇಲೆ ಯಾರಾದರೂ ಕೇಳಿದರೆ, ಮಾಡುವ ಕೆಲಸವನ್ನು ಹೆಸರಿಟ್ಟು ಹೇಳಿ.

ಬರೆಯಿರಿ: ಇಂದು ಬೆಳಗಿನಿಂದ ನೀವು ಮಾಡಿದ ಕೆಲಸಗಳು ಯಾವುವು? ಒಂದು ಹಾಳೆ ಸಾಲದಿದ್ದರೆ ಇನ್ನೊಂದು ತೆಗೆದುಕೊಳ್ಳಿ.