ಅಂಗನವಾಡಿಯ ಹೊಸ್ತಿಲಲ್ಲಿ ಹೆತ್ತವರು

ಜೂನ್ ತಿಂಗಳು ಬಂದಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಹೊಗೆಸೊಪ್ಪಿನ ಕೆಲಸ ಬಿರುಸಾಗಿರುತ್ತದೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಭತ್ತದ ಒಟ್ಟಲಿನ ಸಿದ್ಧತೆ ನಡೆದಿರುತ್ತದೆ. ಮೂರು ವರ್ಷ ತುಂಬಿದ ಮಕ್ಕಳನ್ನು ಅಂಗನವಾಡಿಗೋ ಶಿಶುವಿಹಾರಕ್ಕೋ ಮೊದಲ ಬಾರಿ ಕಳುಹಿಸುವ ಕಾಲವೂ ಅದೇ. ಆಗ ನಮ್ಮ ಚಿಕಿತ್ಸಾಲಯದಲ್ಲಿ ಪ್ರತಿವರ್ಷವೂ ಕೇಳಿಬರುವ ದೂರು ಒಂದಿದೆ: “ಬೆಳಗಾದರೆ ಸಾಕು, ಹೊಟ್ಟೆನೋವು ಅಂತಾನೆ ಡಾಕ್ಟ್ರೇ.” “ಭಾನುವಾರ?” ಎಂದು ನಾವು ಕೇಳುತ್ತೇವೆ. ತಾಯಿ ತುಸು ಯೋಚಿಸಿ, “ಭಾನುವಾರ ಏನೂ ಇರಲ್ಲ” ಎನ್ನುತ್ತಾರೆ.

ಆ ನೋವು ಸುಳ್ಳಲ್ಲ. ಮನಸ್ಸಿನ ಭಯವು ಎಳೆಯ ದೇಹದಲ್ಲಿ ಹೊಟ್ಟೆಯ ಮೂಲಕವೇ ಮಾತನಾಡುತ್ತದೆ. ಇದಕ್ಕೆ ಬೇಕಾದುದು ಔಷಧಿಯಲ್ಲ, ಹೆತ್ತವರ ಸಿದ್ಧತೆ.

ಅಂಗನವಾಡಿ ನಮ್ಮ ಜಿಲ್ಲೆಗೆ ಹೊಸತಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ನಮ್ಮ ತಿರುಮಕೂಡಲು ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಆದರೆ ಪ್ರತಿಯೊಂದು ಮನೆಗೂ ಮೊದಲ ಮಗುವನ್ನು ಬಿಟ್ಟುಬರುವ ದಿನ ಹೊಸತೇ.

ನಾವು ಮಾಡಿದ ತಪ್ಪು

ನಮ್ಮ ಮಗಳನ್ನು ಶಿಶುವಿಹಾರಕ್ಕೆ ಸೇರಿಸಿದ ದಿನ, ಆಕೆ ಆಟಿಕೆ ನೋಡುತ್ತಿದ್ದಾಗ ನಾವು ಹೇಳದೆಯೇ ಜಾರಿಕೊಂಡೆವು. ಅಳುವನ್ನು ತಪ್ಪಿಸಿದೆವೆಂದು ಸಮಾಧಾನಪಟ್ಟೆವು. ಅನಂತರ ಕೆಲವು ವಾರ ಆಕೆ ನಮ್ಮನ್ನು ಬಚ್ಚಲಿಗೂ ಒಬ್ಬರೇ ಹೋಗಗೊಡಲಿಲ್ಲ. ವೈದ್ಯರಾದ ನಮಗೂ ಆಗಲೇ ಅರ್ಥವಾದದ್ದು: ಅಗಲಿಕೆಗಿಂತ ವಂಚನೆಯೇ ಮಗುವನ್ನು ಹೆಚ್ಚು ನೋಯಿಸುತ್ತದೆ.

ಶಾಸ್ತ್ರದ ಎರಡು ಮಾತು

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಮಗು ಅತ್ತರೂ, ಉಣ್ಣದಿದ್ದರೂ, ಮಾತು ಕೇಳದಿದ್ದರೂ ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದು ಚರಕ ಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಇಂದು ಪಿಶಾಚಿಯ ಸ್ಥಾನಕ್ಕೆ ಪೊಲೀಸರೂ, ಸೂಜಿ ಚುಚ್ಚುವ ಡಾಕ್ಟರೂ, “ಕೋಲು ಹಿಡಿದಿರುವ ಮಿಸ್ಸೂ” ಬಂದಿದ್ದಾರೆ. ಯಾರ ಮಡಿಲಿಗೆ ಮಗುವನ್ನು ಒಪ್ಪಿಸುತ್ತೇವೆಯೋ ಅವರ ಹೆಸರಿನಲ್ಲಿಯೇ ಹೆದರಿಸುವುದು ಎಂತಹ ಅವಿವೇಕ!

ಎರಡನೆಯದು, ಅಭ್ಯಾಸಗಳನ್ನು ಒಮ್ಮೆಗೇ ಬದಲಿಸದೆ ಕಾಲು ಕಾಲು ಭಾಗವಾಗಿ ಬದಲಿಸಬೇಕೆಂಬ ಸೂತ್ರಸ್ಥಾನದ ಪಾದಾಂಶ ಕ್ರಮ. ಇದು ಆಹಾರ ವಿಹಾರಗಳ ಕುರಿತು ಹೇಳಿದುದಾದರೂ ಅಗಲಿಕೆಯ ಅಭ್ಯಾಸಕ್ಕೂ ಒಪ್ಪುತ್ತದೆಂಬುದು ನಮ್ಮ ಅನುಭವ.

ಅನುಸರಿಸಬೇಕಾದ ಕ್ರಮ

1. ಮೊದಲ ಎರಡು ದಿನ ಮಗುವಿನೊಡನೆ ಒಳಗೇ ಒಂದು ಗಂಟೆ ಕುಳಿತಿರಿ. ಮುಂದಿನೆರಡು ದಿನ ಜಗಲಿಯಲ್ಲಿರಿ. ಬಳಿಕ ಹೇಳಿ ಹೊರಟು ಒಂದು ಗಂಟೆಯಲ್ಲಿ ಮರಳಿ ಬನ್ನಿ. ಕಡೆಗೆ ಊಟದವರೆಗೆ ಬಿಡಿ. ತಾಯಿಗೆ ಕೂಲಿ ತಪ್ಪುವಂತಿದ್ದರೆ ತಂದೆಯೋ ಅಜ್ಜಿಯೋ ಈ ಹೊಣೆ ಹೊರಲಿ; ಸಾಧ್ಯವಾದರೆ ನಾಟಿಯ ಕೆಲಸ ಏರುವುದಕ್ಕೆ ಮುನ್ನವೇ ಇದನ್ನು ಆರಂಭಿಸಿ.

2. ಗಡಿಯಾರದ ಗಂಟೆ ಮಗುವಿಗೆ ತಿಳಿಯದು. “ಊಟವಾದ ಮೇಲೆ ಅಜ್ಜಿ ಬರ್ತಾರೆ” ಎನ್ನಿ. ಹೇಳಿದವರೇ, ಹೇಳಿದ ಹೊತ್ತಿಗೇ ಬರಬೇಕು.

3. ಬೀಳ್ಕೊಡುಗೆ ಚಿಕ್ಕದಾಗಿರಲಿ. ಹಣೆಗೆ ವಿಭೂತಿ ಹಚ್ಚಿ, ಒಂದು ಮುತ್ತು ಕೊಟ್ಟು ಹೊರಡಿ. ಕಿಟಕಿಯಲ್ಲಿ ಇಣುಕಬೇಡಿ.

4. ನೀರಿಗೆ, ಮೂತ್ರಕ್ಕೆ ಮಗು ಬಳಸುವ ಮನೆಯ ಮಾತನ್ನು ಕಾರ್ಯಕರ್ತೆಗೆ ತಿಳಿಸಿರಿ. ಮನೆಮಾತೇ ಬೇರೆಯಾಗಿರುವ ಹಾಡಿಯ ಮಕ್ಕಳ ವಿಷಯದಲ್ಲಿ ಇದು ಇನ್ನೂ ಅವಶ್ಯ.

5. ಈ ವಯಸ್ಸಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಬೇಗ ಮಲಗಿಸಿ, ಬೆಳಿಗ್ಗೆ ಬಿಸಿಯಾದ ಹಗುರ ಆಹಾರ ನೀಡಿ. ಹತ್ತು ಮಕ್ಕಳೊಡನೆ ಬೆರೆತಾಗ ನೆಗಡಿ ಕೆಮ್ಮು ಪದೇ ಪದೇ ಬರುವುದುಂಟು. ಸೋಪಿನಿಂದ ಕೈ ತೊಳೆಯುವುದನ್ನು ರೂಢಿಸಿ.

ಹೆತ್ತವರ ಮನಸ್ಸು

ಅನೇಕ ವೇಳೆ ಮಗುವಿಗಿಂತ ಮೊದಲು ತಾಯಿಯ ಕಣ್ಣು ತುಂಬುತ್ತದೆ. ಮೂರು ವರ್ಷ ಸೆರಗು ಹಿಡಿದು ತಿರುಗಿದ ಜೀವ ಇಲ್ಲದ ಮನೆ ಬಣಗುಟ್ಟುವುದು ಸಹಜ, ಅದು ದೌರ್ಬಲ್ಯವಲ್ಲ. ಆದರೆ ಮಗು ನಮ್ಮ ಮುಖವನ್ನು ಓದುತ್ತದೆ. ನಮ್ಮ ಮುಖದಲ್ಲಿ ಭಯ ಕಂಡರೆ ಆ ಸ್ಥಳವೇ ಭಯದ್ದೆಂದು ತಿಳಿಯುತ್ತದೆ. ಆದುದರಿಂದ ದುಃಖವನ್ನು ಪತಿಯೊಡನೆಯೋ ಅತ್ತೆಯೊಡನೆಯೋ ಹಂಚಿಕೊಂಡು, ಮಗುವಿನ ಮುಂದೆ ಧೈರ್ಯದಿಂದಿರಿ. “ತಾಯಿ ಕರುಳು ಕಲ್ಲು” ಎಂದು ಸೊಸೆಯನ್ನು ಹಂಗಿಸುವ ಹಿರಿಯರು ಆ ಮಾತನ್ನು ಬಿಡಬೇಕು.

ವೈದ್ಯರನ್ನು ಕಾಣಬೇಕಾದುದು

ಜ್ವರ, ನಿಲ್ಲದ ವಾಂತಿ, ತೂಕ ಇಳಿಯುವಿಕೆ ಇದ್ದರೆ, ಹೊಟ್ಟೆನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಅದನ್ನು ಶಾಲೆಯ ಹಟವೆಂದು ತಳ್ಳಿಹಾಕದೆ ತಕ್ಷಣ ತೋರಿಸಿ. ನಾಲ್ಕು ವಾರ ಕಳೆದರೂ ಅಳು ತಗ್ಗದಿದ್ದರೆ, ಅಥವಾ ಹೊಂದಿಕೊಂಡಿದ್ದ ಮಗು ಥಟ್ಟನೆ ಹೋಗಲೊಲ್ಲದಿದ್ದರೆ, ಗದರಿಸದೆ ಕಾರಣ ವಿಚಾರಿಸಿ; ಅಲ್ಲಿ ಏನಾದರೂ ನಡೆದಿರಲೂಬಹುದು.

ಸಸಿಯನ್ನು ಮಡಿಯಿಂದ ಕಿತ್ತು ಹೊಲಕ್ಕೆ ನೆಟ್ಟಾಗ ಎರಡು ದಿನ ಬಾಡುವುದನ್ನು ನಮ್ಮ ರೈತರು ಬಲ್ಲರು. ಬಾಡಿತೆಂದು ಯಾರೂ ಅದನ್ನು ಮರಳಿ ಕೀಳುವುದಿಲ್ಲ; ನೀರೆರೆದು ಕಾಯುತ್ತಾರೆ. ಮಕ್ಕಳ ವಿಷಯದಲ್ಲಿಯೂ ಅದೇ ತಾಳ್ಮೆ ನಮ್ಮದಾಗಲಿ.