ಮಳೆ ನಕ್ಷತ್ರವೂ ಪ್ರವಾಸದ ಆಯವ್ಯಯವೂ

ಪ್ರವಾಸದ ಖರ್ಚಿನ ಅಂದಾಜು ಬರೆಯಲು ಕುಳಿತಾಗ ನಾನು ಲೆಕ್ಕದ ಪುಸ್ತಕದ ಪಕ್ಕದಲ್ಲಿ ಒಂಟಿಕೊಪ್ಪಲ್ ಪಂಚಾಂಗವನ್ನೂ ತೆರೆದಿಟ್ಟುಕೊಳ್ಳುವುದನ್ನು ಕಂಡು ಮನೆಯ ಕಿರಿಯರು ನಗುವುದುಂಟು; ನಗಲಿ. ನೈಋತ್ಯದ ಮುಂಗಾರು ತನ್ನ ಬಲದ ಬಹುಭಾಗವನ್ನು ಪಶ್ಚಿಮಘಟ್ಟದ ಮೇಲೆ ವ್ಯಯಿಸಿ ಬಳಲಿ ಬಂದು ಸೇರುವ, ಈಶಾನ್ಯದ ಹಿಂಗಾರು ಚೆನ್ನೈಯ ಕರಾವಳಿಯನ್ನು ತೋಯಿಸಿ ಉಳಿದುದನ್ನು ಕಳುಹಿಸಿಕೊಡುವ ಕೆಲಮಂಗಲದಂಥ ಗಡಿನಾಡಿನ ಊರಿನಲ್ಲಿ ವಾಸಿಸುವವನು, ಯಾವ ಮಳೆಯಲ್ಲಿ ಯಾವ ದಿಕ್ಕಿಗೆ ಹಣ ಸುರಿಯಬೇಕೆಂಬುದನ್ನು ಮೊದಲು ಅರಿಯತಕ್ಕದ್ದು.

ನಮಗೆ ಸಮೀಪವೂ ಅಗ್ಗವೂ ಆದ ವಿಹಾರವೆಂದರೆ ಕಾವೇರಿಯ ಹೊಗೇನಕಲ್ಲು. ರಾಯಕೋಟೆ, ಪಾಲಕೋಡು, ಪೆನ್ನಾಗರಗಳ ಮಾರ್ಗವಾಗಿ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗಾಗಿ ಮೈಗೆ ಎಣ್ಣೆ ತಿಕ್ಕಿಸಿಕೊಂಡು ನೀರಿಗಿಳಿದು, ಮೀನು ಹುರಿಯುವ ಬಾಣಲೆಗಳ ಘಾಟಿನ ನಡುವೆ ನಿಂತು ಹರಿಗೋಲಿನ ದರವನ್ನು ವಿಚಾರಿಸಬಹುದು. ಆದರೆ ಪುನರ್ವಸು, ಪುಷ್ಯ ಮಳೆಗಳ ದಿನಗಳಲ್ಲಿ ನಮ್ಮ ನೆತ್ತಿಯ ಮೇಲೆ ಬಿಸಿಲು ಕಾಯುತ್ತಿದ್ದರೂ, ಕೊಡಗು ವಯನಾಡುಗಳಲ್ಲಿ ಸುರಿದ ನೀರಿಗೆ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳು ತುಂಬಿ ಬಾಗಿಲು ತೆರೆದುವೆಂದರೆ, ಜಿಲ್ಲಾಡಳಿತವು ಹರಿಗೋಲನ್ನೂ ಸ್ನಾನವನ್ನೂ ಒಟ್ಟಿಗೆ ನಿಷೇಧಿಸಿಬಿಡುತ್ತದೆ. ಆದುದರಿಂದ ಬಾಡಿಗೆ ಕಾರಿಗೆ ಮುಂಗಡ ಕೊಡುವ ಮುನ್ನ, ಅಲ್ಲಿಗೆ ಮೇಲ್ಗಡೆ ನದಿಯ ನೀರನ್ನು ಅಳೆಯುವ ಬಿಳಿಗುಂಡ್ಲುವಿನಲ್ಲಿ ಎಷ್ಟು ಸಾವಿರ ಕ್ಯೂಸೆಕ್ ಹರಿಯುತ್ತಿದೆಯೆಂದು ಪತ್ರಿಕೆಯಲ್ಲಿ ನೋಡುವುದು ನನ್ನ ಅಭ್ಯಾಸ.

ದೂರದ ಊರುಗಳಲ್ಲಿ ಕೊಠಡಿಯ ಬಾಡಿಗೆ ಹವೆಗಿಂತ ಹೆಚ್ಚಾಗಿ ಶಾಲೆಯ ರಜೆಗೆ ಅಧೀನ. ಮೇ ತಿಂಗಳಿನಲ್ಲಿ ಉದಕಮಂಡಲಕ್ಕೆ ಧಾವಿಸುವವರ ಉತ್ಸಾಹ, ಹೊಸೂರು ಸೀಮೆಯ ತಂಪಿನಲ್ಲಿಯೇ ಹುಟ್ಟಿ ಬೆಳೆದ ನನಗೆ ಎಂದೂ ಅರ್ಥವಾದದ್ದಿಲ್ಲ: ಇಮ್ಮಡಿಗೆ ಸಮೀಪದ ಬಾಡಿಗೆ ತೆತ್ತು, ಘಾಟಿಯಲ್ಲಿ ವಾಹನಗಳ ಸಾಲಿನ ಹಿಂದೆ ಕುಳಿತು ಹಗಲು ಕಳೆಯಬೇಕು. ಈ ದಟ್ಟಣೆಯ ಕಾರಣದಿಂದಲೇ ಮದರಾಸು ಉಚ್ಚನ್ಯಾಯಾಲಯದ ನಿರ್ದೇಶನದಂತೆ 2024ರ ಮೇ 7ರಿಂದ ಉದಕಮಂಡಲಕ್ಕೂ ಕೊಡೈಕೆನಾಲಿಗೂ ಇ-ಪಾಸ್ ಜಾರಿಗೆ ಬಂದಿತು.

ನಾನು ಬಹುಕಾಲದಿಂದ ಆರಿಸಿಕೊಂಡಿರುವುದು ಹಸ್ತ ಮಳೆಯ ಕಾಲ, ಎಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಸುಮಾರಿನವರೆಗೆ. ಆಗ ಮಲೆನಾಡಿನಲ್ಲಿ ಮುಂಗಾರಿನ ಆರ್ಭಟ ಇಳಿದಿರುತ್ತದೆ, ಜೋಗದ ಧಾರೆಗಳು ಇನ್ನೂ ಬತ್ತಿರುವುದಿಲ್ಲ; ಹಿಂಗಾರು ಅಕ್ಟೋಬರ್ 20ರ ಹೊತ್ತಿಗಲ್ಲದೆ ಸಾಮಾನ್ಯವಾಗಿ ತಲೆಹಾಕುವುದಿಲ್ಲ. ಮಕ್ಕಳಿಗೆ ಕ್ವಾರ್ಟರ್ಲಿ ಪರೀಕ್ಷೆಯ ರಜೆ. ಹೊಲದಲ್ಲಿ ರಾಗಿಯ ಕಳೆ ಕಿತ್ತು ಮುಗಿದಿರುತ್ತದೆ, ಕೊಯ್ಲು ದೂರವಿರುತ್ತದೆ. ನಮ್ಮೂರಿನಲ್ಲಿ ಮಾತ್ರ ಆ ದಿನಗಳಲ್ಲಿ ಸಂಜೆಯಾದರೆ ಮಳೆ ಜಡಿಯುವುದರಿಂದ, ಊರು ಬಿಡುವುದಕ್ಕೆ ಅದೂ ಒಂದು ನೆಪ. ದಸರೆ ಇದೇ ಅವಧಿಯಲ್ಲಿ ಬಿದ್ದ ವರ್ಷ ಮೈಸೂರಿನ ಹೆಸರನ್ನೇ ಎತ್ತುವುದಿಲ್ಲ.

ಜೋಗಕ್ಕೆ ಸಮೀಪದ ನಿಲ್ದಾಣವಾದ ತಾಳಗುಪ್ಪದ ರೈಲಿಗೆ ಟಿಕೆಟ್ಟನ್ನು ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಕೊಳ್ಳುತ್ತೇನೆ. ರೈಲ್ವೆಯವರು 2024ರ ನವೆಂಬರ್ 1ರಿಂದ ಮುಂಗಡ ಕಾದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿದುದನ್ನು ಅನೇಕರು ಆಕ್ಷೇಪಿಸಿದರಾದರೂ ನನಗೆ ಅದು ಉಪಕಾರವೆಂದೇ ತೋರಿತು. ಮೊದಲಾಗಿದ್ದರೆ ಮುಂಗಾರು ಕೇರಳವನ್ನು ಮುಟ್ಟುವುದಕ್ಕೂ ಮುನ್ನ ಅದರ ಕೊನೆಯನ್ನು ಊಹಿಸಿ ಹಣ ಕಟ್ಟಬೇಕಾಗಿತ್ತು. ಕೊಠಡಿಯ ವಿಷಯದಲ್ಲಿ, ರದ್ದು ಮಾಡಿದರೆ ಹಣ ಹಿಂದಿರುಗಿಸುವವರಿಗೆ ನೂರಿನ್ನೂರು ಹೆಚ್ಚಾಗಿ ಕೊಡಲು ನಾನು ಹಿಂಜರಿಯುವುದಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳೇ ಕೊಚ್ಚಿಹೋದ ಬಗೆಯನ್ನು ನೆನೆದರೆ ಆ ನೂರಿನ್ನೂರು ವಿಮೆಯ ಕಂತಿನಷ್ಟೇ ನ್ಯಾಯವಾದ ವೆಚ್ಚ. ಪ್ರಯಾಣ ನಿಂತರೂ ಚಿಂತೆಯಿಲ್ಲ; ಹಿಂದೆ ಬಂದ ಹಣ ಅಂಚೆ ಕಚೇರಿಯ ಖಾತೆಯಲ್ಲಿರಲಿ, ಸಂಕ್ರಾಂತಿಯ ಜನಸಂದಣಿ ಕರಗಿದ ಮೇಲೆ ಮಹಾಬಲಿಪುರದ ಕಡೆ ಹಿಂಗಾರೂ ಮುಗಿದಿರುತ್ತದೆ, ಬಾಡಿಗೆಯೂ ಇಳಿದಿರುತ್ತದೆ; ಮಕ್ಕಳು ಶಾಲೆಗೆ ಹೋಗಿರುವುದರಿಂದ ಖರ್ಚು ಇಬ್ಬರದೇ.