ಹಲವು ಪೈಥಾನ್‌ಗಳಿಗೆ ಒಂದೇ ಪ್ಯಾಕೇಜ್

2008ರ ಡಿಸೆಂಬರಿನಲ್ಲಿ ಪೈಥಾನ್ 3.0 ಹೊರಬಂದು, ಅದುವರೆಗಿನ ಪ್ರೋಗ್ರಾಮುಗಳಲ್ಲಿ ಅನೇಕವು ಯಥಾಸ್ಥಿತಿಯಲ್ಲಿ ನಡೆಯದಂತಾದುದು ಬಲ್ಲವರಿಗೆಲ್ಲ ತಿಳಿದ ಸಂಗತಿ. 2020ರ ಜನವರಿ 1ರಂದು ಪೈಥಾನ್ 2ರ ಪೋಷಣೆಯು ನಿಂತಿತಾದರೂ ಆವೃತ್ತಿಗಳ ವೈಷಮ್ಯವು ನಿಲ್ಲಲಿಲ್ಲ, 2023ರ 3.12ನೆಯ ಆವೃತ್ತಿಯು 'ಡಿಸ್ಟ್‌ಯುಟಿಲ್ಸ್' ಮಾಡ್ಯೂಲನ್ನೇ ಕಿತ್ತುಹಾಕಿತು. ಹೀಗಿರುವಲ್ಲಿ, ಲೈಬ್ರರಿಯೊಂದನ್ನು ರಚಿಸಿ ಪೈಪಿಐ ಭಂಡಾರಕ್ಕೆ ಏರಿಸುವ ನಮ್ಮ ತರುಣರು, ತಮ್ಮ ಯಂತ್ರದಲ್ಲಿ ನಡೆದದ್ದು ಸರ್ವತ್ರ ನಡೆದೀತೆಂಬ ನಂಬಿಕೆಯಿಂದ ಎಸಗುವ ಪ್ರಮಾದಗಳು ಪದೇ ಪದೇ ಕಣ್ಣಿಗೆ ಬೀಳುತ್ತಿರುವುದರಿಂದ ಈ ಕ್ರಮವನ್ನು ಬರೆಯಬೇಕಾಯಿತು.

ಮೊದಲು, ನೀವು ಪೋಷಿಸುವ ಅತ್ಯಂತ ಹಳೆಯ ಆವೃತ್ತಿ ಯಾವುದೆಂದು ನಿಶ್ಚಯಿಸಿ, ಪೈಪ್ರಾಜೆಕ್ಟ್ ಕಡತದಲ್ಲಿ 'ರಿಕ್ವೈರ್ಸ್-ಪೈಥಾನ್' ಎಂಬುದರ ಮುಂದೆ ">=3.9" ಎಂಬಂತೆ ನಮೂದಿಸತಕ್ಕದ್ದು. ಕ್ಲಾಸಿಫೈಯರ್ ಪಟ್ಟಿಯಲ್ಲಿ ಆವೃತ್ತಿಗಳನ್ನು ಬರೆದರೆ ಸಾಲದು; ಆ ಪಟ್ಟಿ ಮನುಷ್ಯರ ಓದಿಗಾಗಿ ಇರುವಂಥದು, ಸ್ಥಾಪನೆಯ ವೇಳೆ ಪಿಪ್ ಅದನ್ನು ಗಣಿಸುವುದಿಲ್ಲ. "<3.13" ಎಂಬಂಥ ಮೇಲ್ಮಿತಿಯನ್ನು ಮಾತ್ರ ನಾನು ಸಮ್ಮತಿಸಲಾರೆ, ಏಕೆಂದರೆ ಹೊಸ ಪೈಥಾನ್ ಉಳ್ಳವರಿಗೆ ಪಿಪ್, ಮಿತಿಯಿಲ್ಲದ ಯಾವುದೋ ಹಳೆಯ ಬಿಡುಗಡೆಯನ್ನು ಹುಡುಕಿ ತಂದು ಸದ್ದಿಲ್ಲದೆ ಸ್ಥಾಪಿಸಿಬಿಡುತ್ತದೆ.

ಅನಂತರ ವ್ಯಾಕರಣ. 3.10ರಲ್ಲಿ ಬಂದ 'ಮ್ಯಾಚ್' ವಾಕ್ಯವನ್ನು ಬಳಸಿದ ಕಡತವನ್ನು 3.9 ಓದಲಾರದು, ಕಡತವೆಲ್ಲವೂ ಮೊದಲೇ ಸಂಕಲಿತವಾಗುವುದರಿಂದ ಅದರೊಳಗಿನ 'ಟ್ರೈ' ನಿಮ್ಮನ್ನು ರಕ್ಷಿಸದು. ಅಂಥ ಭಾಗವನ್ನು ಪ್ರತ್ಯೇಕ ಕಡತಕ್ಕೆ ಸರಿಸಿ, ಆವೃತ್ತಿಯನ್ನು ನೋಡಿಕೊಂಡು ಇಂಪೋರ್ಟ್ ಮಾಡಬೇಕು.

ಇನ್ನು ನಾನು ವಿಶೇಷವಾಗಿ ಎಚ್ಚರಿಸಬೇಕಾದುದು ಅವಲಂಬನೆಗಳ ವಿಷಯ. ಟಾಮ್ಲ್ ಕಡತವನ್ನು ಓದುವ 'ಟಾಮ್‌ಲಿಬ್' 3.11ರಿಂದ ಪೈಥಾನಿನಲ್ಲಿಯೇ ಇದೆ. ಅದಕ್ಕೂ ಹಳೆಯ ಆವೃತ್ತಿಗಳಿಗೆ 'ಟಾಮ್ಲಿ' ಪ್ಯಾಕೇಜ್ ಬೇಕು. ಅನೇಕರು ಸೆಟಪ್.ಪೈ ಕಡತದಲ್ಲಿ 'ಆವೃತ್ತಿ 3.11ಕ್ಕಿಂತ ಕಡಿಮೆಯಿದ್ದರೆ ಟಾಮ್ಲಿಯನ್ನು ಪಟ್ಟಿಗೆ ಸೇರಿಸು' ಎಂದು 'ಇಫ್' ಹಾಕಿ ನಿಶ್ಚಿಂತರಾಗುತ್ತಾರೆ. ಆದರೆ ವೀಲ್ ಎಂಬುದು ಕರ್ತೃವಿನ ಯಂತ್ರದಲ್ಲಿ ಒಮ್ಮೆ ಕಟ್ಟಲ್ಪಡುವ ವಸ್ತು. ಆ 'ಇಫ್' ಪರೀಕ್ಷೆಗೆ ಒಳಗಾಗುವುದು ಅಲ್ಲಿಯೇ, ಆ ಕ್ಷಣದಲ್ಲಿಯೇ. ಕರ್ತೃವಿನ ಬಳಿ 3.12 ಇದ್ದರೆ ಟಾಮ್ಲಿಯಿಲ್ಲದ ಪಟ್ಟಿಯೇ ವೀಲಿನಲ್ಲಿ ಶಾಶ್ವತವಾಗಿ ಮುದ್ರಿತವಾಗುತ್ತದೆ, 3.9 ಉಳ್ಳ ಬಳಕೆದಾರನಲ್ಲಿ ಸ್ಥಾಪನೆಯು ನಿರ್ವಿಘ್ನವಾಗಿ ನಡೆದು, ಇಂಪೋರ್ಟ್ ಮಾಡಿದಾಗ ಮಾಡ್ಯೂಲ್ ಇಲ್ಲವೆಂಬ ದೋಷವು ತಲೆದೋರುತ್ತದೆ. ಕರ್ತೃವು ಎಷ್ಟು ಪರೀಕ್ಷಿಸಿದರೂ ತನ್ನ ಯಂತ್ರದಲ್ಲಿ ಅದು ಗೋಚರಿಸದು. ಪರಿಹಾರವೆಂದರೆ ಷರತ್ತನ್ನು ಅವಲಂಬನೆಯ ಸಾಲಿನೊಳಗೇ ಬರೆಯುವುದು: ಟಾಮ್ಲಿ; ಪೈಥಾನ್_ವರ್ಷನ್ < "3.11". ಆಗ ನಿರ್ಣಯವು ಬಳಕೆದಾರನ ಯಂತ್ರದಲ್ಲಿ, ಪಿಪ್‌ನಿಂದ ಆಗುತ್ತದೆ. ವೀಲ್ ವಾಸ್ತವವಾಗಿ ಒಂದು ಜಿಪ್ ಕಡತವಾದುದರಿಂದ ಏರಿಸುವ ಮುನ್ನ ಅದನ್ನು ಬಿಚ್ಚಿ, ಒಳಗಿನ ಮೆಟಾಡೇಟಾದಲ್ಲಿ 'ರಿಕ್ವೈರ್ಸ್-ಡಿಸ್ಟ್' ಸಾಲುಗಳು ಷರತ್ತುಸಹಿತವಾಗಿ ಇವೆಯೇ ಎಂದು ಕಣ್ಣಾರೆ ನೋಡಿರಿ. ಇದನ್ನು ದಯವಿಟ್ಟು ಬಿಡಬೇಡಿ.

ಬಳಿಕ, ಪೋಷಿಸುವ ಪ್ರತಿಯೊಂದು ಆವೃತ್ತಿಗೂ ಹೊಸ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ಮೂಲ ಫೋಲ್ಡರನ್ನಲ್ಲ, ಕಟ್ಟಿದ ವೀಲನ್ನೇ ಸ್ಥಾಪಿಸಿ ಪರೀಕ್ಷಿಸಿರಿ. ಟಾಕ್ಸ್ ಎಂಬ ಸಾಧನವು ಈ ಕೆಲಸವನ್ನು ಸುಲಭಗೊಳಿಸುತ್ತದೆ. ಪರೀಕ್ಷೆಗಳು ತಾವಾಗಿ ನಡೆಯುವಂತೆ ಆವೃತ್ತಿಗಳನ್ನು ಯಾಮಲ್ ಕಡತದಲ್ಲಿ ಪಟ್ಟಿಮಾಡುವುದಾದರೆ, ಅಲ್ಲಿ 3.10 ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಬರೆಯದಿದ್ದರೆ ಅದು 3.1 ಆಗುತ್ತದೆ. ಸಿ ಭಾಷೆಯ ಭಾಗವಿದ್ದರೆ ಸಾಮಾನ್ಯವಾಗಿ ಆವೃತ್ತಿಗೊಂದು ವೀಲ್ ಬೇಕು. ಹಳೆಯ ಆವೃತ್ತಿಯನ್ನು ಕೈಬಿಡುವಾಗ 'ರಿಕ್ವೈರ್ಸ್-ಪೈಥಾನ್' ಅನ್ನು ಅದೇ ಬಿಡುಗಡೆಯಲ್ಲಿ ಏರಿಸಿರಿ. ಮರೆತಿದ್ದಲ್ಲಿ ಆ ಬಿಡುಗಡೆಯನ್ನು ಪೈಪಿಐಯಲ್ಲಿ 'ಯಾಂಕ್' ಮಾಡಿ, ಎಂದರೆ ಹಿಂತೆಗೆದುಕೊಂಡು, ಹೊಸ ಸಂಖ್ಯೆಯೊಡನೆ ಮತ್ತೆ ಹೊರತರಬೇಕು. ಏಕೆಂದರೆ ಪೈಪಿಐ ಒಮ್ಮೆ ಸ್ವೀಕರಿಸಿದ ಕಡತದ ಹೆಸರನ್ನು, ಅಳಿಸಿದರೂ, ಪುನಃ ಬಳಸಗೊಡುವುದಿಲ್ಲ.